ಹರಸದ ಅಜ್ಜಿ, ತಡವಾಗಿ ಬರುವ ಹುಡುಗಿ

ಅನಾರ್ಕಾನ್ ಮೇಡಂ ಪಾಠಕ್ಕೆ ತಡವಾಗಿ ಬಂದು ಬಚಾವಾದವರಿಲ್ಲ. ದೂರದ ನಾರಿನ್ ಎಂಬ ಬೆಟ್ಟಸೀಮೆಯ ಒಂದು ಕಣಿವೆಯ ಶಾಲೆಯಲ್ಲಿ ಆಕೆ ಗಣಿತ ಕಲಿಸಲು ಶುರುಮಾಡಿ ಒಂದು ತಲೆಮಾರೇ ಕಳೆದಿತ್ತು. ಈಗಿನ ಮಕ್ಕಳ ಅಪ್ಪಂದಿರೂ ಆಕೆಯಿಂದ ಬೈಸಿಕೊಂಡವರೇ. ಗಂಡನ ಮಣ್ಣು ಮುಗಿಸಿ ಮರುವಾರವೇ ಬಂದು ಬೋರ್ಡ್ ಒರೆಸಿ ನಿಂತ ಹೆಂಗಸು. ಅಂಥವಳಿಗೆ ಬೇರೆಯವರ ನೆಪ ಎಲ್ಲಿ ರುಚಿಸೀತು?

ಆ ವರ್ಷ ಆಕೆಯ ಕಣ್ಣಿಗೆ ಬಿದ್ದವಳು ಏಳನೇ ತರಗತಿಯ ಅಕ್ಮರಾಲ್. ಮೊದಲ ಪಾಠ ಅರ್ಧ ಮುಗಿದ ಮೇಲೆ ಬರುವುದು, ಬಂದವಳು ಡೆಸ್ಕಿನ ಮೇಲೆ ತೂಕಡಿಸುವುದು. "ಮಹಾರಾಣಿಯವರ ನಿದ್ದೆ ಆಯ್ತಾ? ಇಲ್ಲಾ ಹಾಸ್ಟೆಲ್ಲಿಗೆ ಹಾಕಿಸ್ಲಾ?" ಎಂದು ಎಲ್ಲರೆದುರು ಕೇಳಿದರೂ ತುಟಿ ಬಿಚ್ಚುತ್ತಿರಲಿಲ್ಲ. ಅಪ್ಪ ಅಮ್ಮ ಮಾಸ್ಕೋದಲ್ಲಿ ದುಡಿಯುತ್ತಿದ್ದರು, ಹುಡುಗಿ ಇದ್ದದ್ದು ಅಜ್ಜಿಯ ಬಳಿ.

ಆ ಅಜ್ಜಿಯ ಮೇಲೂ ಮೇಡಂಗೆ ಸಿಟ್ಟಿತ್ತು. ಸೆಪ್ಟೆಂಬರಿನಲ್ಲಿ ಎಲ್ಲ ಮಕ್ಕಳ ಮನೆಗೆ ಹೋದಂತೆ ಅಲ್ಲಿಗೂ ಹೋಗಿದ್ದಳು. ಹುಡುಗಿ ಬೋರ್ಸೊಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿದು, ಕೆನೆ, ಜಾಮ್ ಇಟ್ಟು, ಅಲ್ಲಿಯ ಮರ್ಯಾದೆಯಂತೆ ಬಟ್ಟಲಿಗೆ ಚಹಾ ಸ್ವಲ್ಪ ಸ್ವಲ್ಪವೇ ಬಗ್ಗಿಸಿ ಉಪಚರಿಸಿದ್ದಳು. ಅಜ್ಜಿ ಮಾತ್ರ ಮೂಗಿನವರೆಗೆ ಶಾಲು ಹೊದ್ದು ದಿಂಬುಗಳ ನಡುವೆ ಸುಮ್ಮನೆ ಕೂತಿದ್ದಳು. ಹಲ್ಲುನೋವು ಎಂದಳು ಹುಡುಗಿ. ತಿಂದಾದ ಮೇಲೆ ಮನೆಯ ಹಿರಿಯರು ಎರಡೂ ಅಂಗೈ ಎತ್ತಿ ಹರಸಬೇಕು, ಆಮೇಲಷ್ಟೇ ಅತಿಥಿ ಏಳುವುದು. ಮೇಡಂ ಕಾದಳು, ಕಾದೇ ಕಾದಳು. ಮುದುಕಿಯ ಕೈ ಶಾಲಿನಿಂದ ಹೊರಬರಲೇ ಇಲ್ಲ. ಕೊನೆಗೆ ಅಜ್ಜಿಯ ಬದಲು ಹುಡುಗಿಯೇ ಏನೋ ಗೊಣಗಿ, ಅಂಗೈಗಳಿಂದ ಮುಖ ಸವರಿಕೊಂಡು ಎದ್ದಳು. ಹಲ್ಲು ನೋಯುತ್ತದೆ ಸರಿ, ಕೈಗೇನು ರೋಗ? ತಿನ್ನಿಸಿ ಹರಸದೆ ಕಳಿಸುವುದೆಂದರೆ ಅಲ್ಲಿ ಮುಖಕ್ಕೆ ಹೊಡೆದ ಹಾಗೆ. ಸೊಕ್ಕಿನ ಮುದುಕಿ ಎಂದು ಮೇಡಂ ಊರೆಲ್ಲ ಹೇಳಿಕೊಂಡು ಬಂದಳು. ಮೊಮ್ಮಗಳದೂ ಅದೇ ಸೊಕ್ಕು ಎಂದು ತೀರ್ಮಾನಿಸಿಯೂ ಬಿಟ್ಟಳು.

ಜನವರಿಯಲ್ಲಿ ಅಕ್ಮರಾಲಳನ್ನು ನಿಜಕ್ಕೂ ದೂರದ ಹಾಸ್ಟೆಲ್ ಶಾಲೆಗೆ ಕಳಿಸುವ ಮಾತೆದ್ದಿತು. ಎತ್ತಿದವಳು ಮೇಡಂ. ಅದಕ್ಕೆಂದೇ ಒಂದು ಮಧ್ಯಾಹ್ನ ಶಿಕ್ಷಕರ ಸಭೆ. ಅವತ್ತೂ ಹುಡುಗಿ ಶಾಲೆಗೆ ಬಂದಿರಲಿಲ್ಲ. ಸಭೆಗೆ ಮೊದಲು ಆ ಮುದುಕಿಗೆ ನಾಲ್ಕು ಮಾತು ಅಂದೇ ಬರುತ್ತೇನೆಂದು ಮೇಡಂ ಹಿಮ ತುಳಿದುಕೊಂಡು ಹೊರಟಳು.

ಕರೆದರೂ ಯಾರೂ ಓಗೊಡದಾಗ ಬಾಗಿಲು ತಳ್ಳಿದಳು. ಒಳಗೆ ಅಕ್ಮರಾಲ್ ಮಂಡಿಯೂರಿ, ಅಜ್ಜಿಯ ಭಾರವನ್ನೆಲ್ಲ ಹೆಗಲ ಮೇಲೆ ಹೊತ್ತು, ಅಡಿಯ ಒದ್ದೆ ಹಾಸಿಗೆಯನ್ನು ಎಳೆಯುತ್ತಿದ್ದಳು. ಅಜ್ಜಿಯ ಬಾಯಿ ಸೊಟ್ಟಗಾಗಿತ್ತು, ಎರಡೂ ಕೈ ಜೋತುಬಿದ್ದಿದ್ದವು.

"ಯಾವಾಗಿಂದ ಹೀಗೆ?"

"ಹೋದ ಬೇಸಿಗೆಯಿಂದ, ಎಜೆ." ಅಲ್ಲಿ ಮಕ್ಕಳು ಟೀಚರನ್ನು ಅಕ್ಕ ಎಂದೇ ಕರೆಯುವುದು. "ಲಕ್ವಾ ಎರಡು ಸಲ ಹೊಡೀತು."

ಸೆಪ್ಟೆಂಬರಿಗೂ ಮೊದಲೇ. ಎತ್ತಲಾಗದ ಕೈಯನ್ನು ಮೇಡಂ ಊರ ಬಾಯಿಗೆ ಹಾಕಿದ್ದಳಲ್ಲ! ಅಪ್ಪ ಅಮ್ಮನಿಗೆ ಗೊತ್ತಾ ಎಂದು ಕೇಳಿದಳು. ಗೊತ್ತಾದರೆ ಕೆಲಸ ಬಿಟ್ಟು ಬಂದುಬಿಡುತ್ತಾರೆ, ಫೋನ್ ಬಂದಾಗಲೆಲ್ಲ ಅಜ್ಜಿ ಮಲಗಿದ್ದಾಳೆ ಅನ್ನುತ್ತೇನೆ ಎಂದಳು ಹುಡುಗಿ.

"ನಂಗಾದ್ರೂ ಹೇಳ್ಬಾರದಿತ್ತೇನೇ?"

"ಹೇಳಿದ್ರೆ ಅಜ್ಜೀನ ವೃದ್ಧಾಶ್ರಮಕ್ಕೆ ಹಾಕ್ತಾರೆ, ನನ್ನ ಹಾಸ್ಟೆಲ್ಲಿಗೆ. ನೀವೇ ಹಾಸ್ಟೆಲ್ಲು ಅಂದ್ರಲ್ಲ."

ಯಾರ ಬಾಯಿಗೂ ಸೋಲದ ಮೇಡಂ ಕೋಟು ಬಿಸಾಕಿ ಅಜ್ಜಿಯ ಇನ್ನೊಂದು ಪಕ್ಕ ಹಿಡಿದಳು.

ಸಭೆಯಲ್ಲಿ ಆಕೆ ತನ್ನ ಮಾತನ್ನು ತಾನೇ ಹಿಂತೆಗೆದುಕೊಂಡು, ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಇಂಥ ಮಕ್ಕಳು ನಮ್ಮಲ್ಲಿ ಇನ್ನೆಷ್ಟಿದ್ದಾರೆ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಯಾಕೆ ತಡ ಎಂದು ಎಲ್ಲರೂ ಗದರಿದ್ದರು, ಉತ್ತರ ಬೇಕಾಗಿ ಕೇಳಿದವರಿಲ್ಲ.

ಸಂಜೆ ಮೇಡಂ ಮತ್ತೆ ಆ ಮನೆಗೆ ಬಂದಳು. ಅಜ್ಜಿ ಇಲ್ಲೇ ಇರುತ್ತಾಳೆ, ನೀನೂ ಇಲ್ಲೇ, ಬೆಳಿಗ್ಗೆ ಊರಿನ ನರ್ಸ್ ಬಂದು ನೋಡಿಕೊಳ್ಳುತ್ತಾಳೆ, ಮೊದಲ ಪಾಠ ತಪ್ಪಿದರೆ ಮಧ್ಯಾಹ್ನ ನಾನೇ ಹೇಳಿಕೊಡುತ್ತೇನೆ, ಅಪ್ಪ ಅಮ್ಮನ ಹತ್ತಿರ ನಾನೇ ಮಾತಾಡುತ್ತೇನೆ ಎಂದಳು. ಹುಡುಗಿ ನಂಬಲೋ ಬೇಡವೋ ಎಂಬಂತೆ ನೋಡಿದಳು.

"ಇನ್ನೇನು ಬೇಕು ಹೇಳು. ನಾಚ್ಕೋಬೇಡ."

ಅಕ್ಮರಾಲ್ ಅಂಗಿಯ ತುದಿ ಹಿಂಡುತ್ತಾ ಅಜ್ಜಿಯ ಕಡೆ ನೋಡಿದಳು.

"ನೀವು ಸ್ವಲ್ಪ ಹೊತ್ತು ಅಜ್ಜಿ ಹತ್ರ ಕೂತಿರ್ತೀರಾ, ಎಜೆ? ನಾನು ನಿದ್ದೆ ಮಾಡ್ತೀನಿ."

ಹೂಂ ಎನ್ನುವಷ್ಟರಲ್ಲೇ ಹುಡುಗಿ ಗೋಡೆಗೊರಗಿ ಕೂತಲ್ಲೇ ನಿದ್ದೆಹೋಗಿದ್ದಳು.