ಹಿರಿಯರಿಂದ ‘ಹೂಂ’ ತರುವ ಪೋಚುವಾನ್

ಶನಿವಾರ ಬೆಳಿಗ್ಗೆ ಮಲಕ್ಕಾದಲ್ಲಿ ಮಾಡಲು ಬೇರೆ ಕೆಲಸವಿಲ್ಲದವರೆಲ್ಲ ಬೆಂಗ್ ಸ್ವೀಯ ಹರಾಜು ಮನೆಗೆ ಬಂದು ಕೂರುತ್ತಾರೆ. ಕೊಳ್ಳುವವರು ಹತ್ತು ಜನ, ನೋಡುವವರು ಐವತ್ತು ಜನ. ಎತ್ತರದ ಪೀಠದ ಹಿಂದೆ ನಿಂತು ಸುತ್ತಿಗೆ ಬಡಿಯುವವನು ಬೆಂಗ್ ಸ್ವೀ. ಪೀಠದ ಮುಂದೆ ನಿಂತು ಒಂದೊಂದೇ ಸಾಮಾನನ್ನು ಎತ್ತಿ ಹಿಡಿದು ತೋರಿಸುವವನು ಪೋಚುವಾನ್. ಮುಚ್ಚಳದ ಪಿಂಗಾಣಿ ಜಾಡಿ, ಬೆಳ್ಳಿಯ ಎಲೆಯಡಿಕೆ ಪೆಟ್ಟಿಗೆ, ಮಣಿ ಪೋಣಿಸಿದ ಮದುವೆಯ ಚಪ್ಪಲಿ, ಮುತ್ತಿನ ಚಿಪ್ಪು ಕೂರಿಸಿದ ಕರಿಮರದ ಕುರ್ಚಿ, ಹೀಗೆ ಚೀನಾದಿಂದ ಬಂದು ಇಲ್ಲಿನವರೇ ಆಗಿಹೋದ ನಮ್ಮ ಬಾಬಾ ಮನೆತನಗಳು ನೂರು ವರ್ಷ ಕೂಡಿಟ್ಟು ಈಗ ಇಡಲು ಜಾಗವಿಲ್ಲದೆ ಮಾರುವ ಸಕಲವೂ ಅವನ ಕೈಮೇಲಿಂದಲೇ ಹಾದುಹೋಗಬೇಕು.

ಇಪ್ಪತ್ತನೇ ವಯಸ್ಸಿನಲ್ಲಿ ಕಪಾಟು ಹೊರಲು ಸೇರಿದವನಿಗೆ ಈಗ ಅರವತ್ತೆಂಟು. ಸೊಂಟ ಹೋಗಿದೆ, ಕಿವಿ ಹೋಗಿಲ್ಲ. ಜಾಡಿಯ ಅಂಚಿಗೆ ಉಗುರಿನಿಂದ ಒಂದು ಏಟು ಕೊಟ್ಟು ಕಿವಿಗಿಟ್ಟುಕೊಳ್ಳುತ್ತಾನೆ. “ಹಾಡ್ತಾಳೆ” ಅಂದರೆ ಜಾಡಿ ಗಟ್ಟಿ. “ಕೆಮ್ತಾಳೆ” ಅಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ. ಮಾರುವವರು ಎಷ್ಟು ಕಣ್ಣು ಹೊಡೆದರೂ ಕೆಮ್ಮುವ ಜಾಡಿಯನ್ನು ಅವನು ಹಾಡುತ್ತಾಳೆ ಅಂದದ್ದಿಲ್ಲ. ಸಾಮಾನಿನ ವಿಷಯದಲ್ಲಿ ಅಷ್ಟು ಖಡಕ್ಕು ಮನುಷ್ಯ.

ಆದರೆ ಅವನಿಗೆ ಹೆಸರು ಬಂದದ್ದು ಜಾಡಿಗಳಿಂದಲ್ಲ, ಪೂಜೆಯ ಮೇಜುಗಳಿಂದ.

ಉಳಿದದ್ದನ್ನೆಲ್ಲ ಮಾರಬಹುದು, ತೀರಿಹೋದ ಹಿರಿಯರನ್ನು ಕೂರಿಸಿ ಧೂಪ ಹಚ್ಚಿದ ಮೇಜನ್ನು ಮಾತ್ರ ಅವರನ್ನು ಕೇಳದೆ ಮಾರುವಂತಿಲ್ಲ. ಕೇಳದೆ ಮಾರಿದ ಮೇಜನ್ನು ನಮ್ಮವರು ಮುಟ್ಟುವುದೂ ಇಲ್ಲ. ಕೇಳುವುದು ಪುವೇ ತುಂಡುಗಳಿಂದ. ಬಿದಿರಿನ ಬೇರಿನಲ್ಲಿ ಕೆತ್ತಿದ ಎರಡು ತುಂಡು, ಹಲಸಿನ ಬೀಜವನ್ನು ಉದ್ದಕ್ಕೆ ಸೀಳಿದ ಹಾಗೆ, ಒಂದು ಮೈ ಚಪ್ಪಟೆ, ಇನ್ನೊಂದು ಉಬ್ಬು. ಪ್ರಶ್ನೆ ಹೇಳಿ ನೆಲಕ್ಕೆ ಹಾಕಬೇಕು. ಒಂದು ಚಪ್ಪಟೆ ಒಂದು ಉಬ್ಬು ಮೇಲಾಗಿ ಬಿದ್ದರೆ ಹಿರಿಯರು ಹೂಂ ಅಂದರು. ಎರಡೂ ಉಬ್ಬು ಮೇಲಾದರೆ ಇಲ್ಲ ಅಂದರು. ಎರಡೂ ಚಪ್ಪಟೆ ಮೇಲಾದರೆ ಅವರು ನಗುತ್ತಿದ್ದಾರೆ, ನೀನು ಕೇಳಿದ್ದು ಸರಿಯಿಲ್ಲ, ಸರಿಯಾಗಿ ಕೇಳು ಅಂತ.

ಇಪ್ಪತ್ತೊಂಬತ್ತು ವರ್ಷದ ಹಿಂದೆ ಒಬ್ಬ ಮುದುಕ ತನ್ನ ಮೇಜಿನ ಮುಂದೆ ತಾನೇ ಪುವೇ ಹಾಕಿದ. ಇಲ್ಲ ಬಂತು. ಹರಾಜು ಮನೆಯವರೆಗೆ ಬಂದಿದ್ದ ಮೇಜು ಲಾರಿ ಹತ್ತಿ ವಾಪಸು ಹೋಯಿತು, ಮುದುಕ ಲಾರಿಯ ಹಿಂದೆ ಬಿಸಿಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಡೆದ. ಅವನಿಗೆ ಆ ಮೇಜನ್ನು ಇಡಲು ಮನೆಯೇ ಇರಲಿಲ್ಲ. ಪೋಚುವಾನ್ ಹರಾಜು ಮನೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿದ. ಮಾರನೆಯ ದಿನವೇ ಒಂದು ಜೊತೆ ಪುವೇ ಕೊಂಡು ತಂದು ಅಡುಗೆಮನೆಯ ಚಾಪೆಯ ಮೇಲೆ ಅಭ್ಯಾಸಕ್ಕೆ ಕೂತ. ಬಲಗೈ ಹೆಬ್ಬೆರಳನ್ನು ಒಂದು ತುಂಡಿನ ಬೆನ್ನಿಗೆ ಒತ್ತಿ, ಮಣಿಕಟ್ಟನ್ನು ಒಂಚೂರು ಹೊರಳಿಸುವುದನ್ನು ಎರಡು ತಿಂಗಳು ಕಲಿತ ಮೇಲೆ ಬೇಕಾದದ್ದು ಬೀಳುತ್ತಿತ್ತು.

“ದೇವರ ಮುಂದೆ ಕೈಚಳಕನಾ?” ಅಂತ ಹೆಂಡತಿ ಬೈದಳು.

“ದೇವರ ಮುಂದೆ ಅಲ್ಲ ಮಾರಾಯ್ತಿ, ಸತ್ತೋರ ಮುಂದೆ. ಅವ್ರಿಗೆ ತೊಂದ್ರೆ ಇಲ್ಲ. ತೊಂದ್ರೆ ಎಲ್ಲ ಬದುಕಿರೋರಿಗೆ.”

ಅಲ್ಲಿಂದ ಮುಂದೆ ಮೇಜು ಮಾರುವವರ ಮನೆಗೆ ಹೋಗಿ ಕೇಳಿಕೊಡುವ ಕೆಲಸವನ್ನು ಅವನೇ ವಹಿಸಿಕೊಂಡ. ಅದಕ್ಕೆ ಕೂಲಿ ತೆಗೆದುಕೊಳ್ಳಲಿಲ್ಲ, ಕೊಟ್ಟ ತಿಂಡಿ ಬಿಡಲಿಲ್ಲ. ಅವನ ಕೈಯಿಂದ ಇಲ್ಲ ಅನ್ನುವುದು ಒಮ್ಮೆಯೂ ಬೀಳಲಿಲ್ಲ. ಪೋಚುವಾನನ ಕೈಗುಣ, ಸತ್ತವರಿಗೂ ಅವನೆಂದರೆ ಇಷ್ಟ ಅಂತ ಊರು ಮಾತಾಡಿಕೊಂಡಿತು. ಬೆಂಗ್ ಸ್ವೀಗೆ ಗುಮಾನಿ ಇದ್ದಿರಬೇಕು. ವ್ಯಾಪಾರಸ್ಥ, ಬಾಯಿ ಬಿಡಲಿಲ್ಲ.

ಹೀಗಿರುವಾಗ ಹೋದ ವರ್ಷ ಹೀರೆನ್ ಬೀದಿಯ ಗುವಾತ್ ನಿಯೋ ಹೇಳಿಕಳಿಸಿದಳು.

ಗುವಾತ್ ನಿಯೋ ನಮ್ಮೂರಿನ ಕುಯೇ ತಿಂಡಿಗೆ ಹೆಸರಾದವಳು. ಎಪ್ಪತ್ತೆರಡು ವರ್ಷ, ಮದುವೆ ಬೇಡ ಅಂದವಳು, ನಾಲಿಗೆ ಮೆಣಸಿನಕಾಯಿ. ಅವಳಿದ್ದ ಬಾಡಿಗೆ ಮನೆಯನ್ನು ಒಡೆಯ ತಿಂಗಳ ಕೊನೆಗೆ ಬಿಡಿಸಿಕೊಳ್ಳುತ್ತಿದ್ದ. ಸಿಂಗಪುರದಲ್ಲಿರುವ ತಮ್ಮನ ಮಗಳು, ಬಾ ಅತ್ತೆ, ನನ್ನ ಮಕ್ಕಳಿಗೆ ನಿನ್ನ ಕೈತಿಂಡಿ ತಿನ್ನಿಸು ಅಂತ ವರ್ಷದಿಂದ ಕರೆಯುತ್ತಿದ್ದಳು. ಹೋಗಲು ಇವಳಿಗೂ ಮನಸ್ಸಿತ್ತು. ಆದರೆ ಹನ್ನೆರಡನೇ ಮಹಡಿಯ ಆ ಮನೆಗೆ ಪೂಜೆಯ ಮೇಜು ಹೋಗುವಂತಿರಲಿಲ್ಲ. ಲಿಫ್ಟಿನ ಬಾಗಿಲಲ್ಲೇ ಸಿಕ್ಕಿಕೊಳ್ಳುವಷ್ಟು ಉದ್ದ. ಹಿರಿಯರು ಒಪ್ಪಿದರೆ ಶನಿವಾರದ ಹರಾಜಿಗೆ ಮೇಜು, ಸಿಂಗಪುರಕ್ಕೆ ತಾನು. ಒಪ್ಪದಿದ್ದರೆ ಎರಡೂ ಇಲ್ಲ.

ಗುರುವಾರ ಬೆಳಿಗ್ಗೆ ಪೋಚುವಾನ್ ಸೈಕಲ್ ಹತ್ತಿ ಹೋದ. ಗುವಾತ್ ನಿಯೋ ಮೇಜನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದಳು. ಒರೆಸಿದ ಕಾಲನ್ನೇ ಮತ್ತೆ ಒರೆಸುತ್ತಿದ್ದಳು.

“ಬಂದ್ಯಾ ಬಾಬಾ? ಕೂತ್ಕೋ. ಮೊದ್ಲು ತಿಂಡಿ ತಿನ್ನು, ಆಮೇಲೆ ನಮ್ಮಪ್ಪನ ಜೊತೆ ಮಾತಾಡು. ಹೊಟ್ಟೆ ಹಸ್ಕೊಂಡಿರೋರ ಮಾತು ಅವ್ನು ಬದುಕಿದ್ದಾಗ್ಲೇ ಕೇಳ್ತಿರ್ಲಿಲ್ಲ.”

ಶಂಖಪುಷ್ಪದ ಬಣ್ಣ ಹಾಕಿದ ನೀಲಿ ಅನ್ನದ ಬಿಲ್ಲೆ, ಮೇಲೆ ಗಟ್ಟಿ ಕಟ್ಟಿದ ತೆಂಗಿನಹಾಲು. ತಿನ್ನುತ್ತಿದ್ದಾಗ ಅವಳು ಮೇಜಿನ ಕಥೆ ಹೇಳಿದಳು. ಚಿಕ್ಕವಳಿದ್ದಾಗ ಅದರ ಅಡಿಯಲ್ಲಿ ಮಲಗುತ್ತಿದ್ದದ್ದು, ಯುದ್ಧದಲ್ಲಿ ಜಪಾನಿಯರು ಊರು ಹಿಡಿದಿದ್ದ ಕಾಲದಲ್ಲಿ ಅಮ್ಮ ಅಕ್ಕಿಯನ್ನು ಅದರ ಖಾನೆಯೊಳಗೆ ಬಚ್ಚಿಟ್ಟು, ಸತ್ತ ಮಾವಂದಿರನ್ನು ಕಾವಲಿಗೆ ಕೂರಿಸಿದ್ದೇನೆ ಅನ್ನುತ್ತಿದ್ದದ್ದು. ಹೇಳುತ್ತಾ ಹೇಳುತ್ತಾ ಕಣ್ಣು ತುಂಬಿಕೊಂಡಳು.

ಈ ಮನುಷ್ಯನಿಗೆ ಅಳುವವರನ್ನು ಕಂಡರೆ ಬುದ್ಧಿ ಮಂಕಾಗುತ್ತದೆ. ಇವಳಿಗೆ ಮಾರಲು ಸುತರಾಂ ಇಷ್ಟವಿಲ್ಲ, ಬಾಯಿಬಿಟ್ಟು ಹೇಳಲು ಆಗುತ್ತಿಲ್ಲ, ಹಿರಿಯರೇ ಬೇಡ ಅಂದರೆ ನೆಮ್ಮದಿಯಾಗಿ ಇದ್ದುಬಿಡುತ್ತಾಳೆ ಅಂತ ಅವನಷ್ಟಕ್ಕೆ ಅವನೇ ತೀರ್ಮಾನಿಸಿದ. ಧೂಪ ಹಚ್ಚಿ, ಅವಳ ಅಪ್ಪ, ಅಮ್ಮ, ಅಜ್ಜಂದಿರ ಹೆಸರು ಹಿಡಿದು ಕರೆದು, ಈ ಮೇಜನ್ನು ಮಾರಲೇ ಅಂತ ಕೇಳಿದ. ಹೆಬ್ಬೆರಳು ಒತ್ತಬೇಕಾದ ಕಡೆ ಒತ್ತಲಿಲ್ಲ, ಬೇರೆ ಕಡೆ ಒತ್ತಿದ.

ಎರಡೂ ಉಬ್ಬು ಮೇಲಾಗಿ ಬಿದ್ದವು.

ಅವಳ ಮುಖದಲ್ಲಿ ನಿರಾಳ ಕಾಣುತ್ತದೆ ಅಂತ ಅವನು ತಲೆಯೆತ್ತಿದರೆ, ಅವಳು ಗೋಡೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದಳು.

“ನಿನ್ನ ಕೈಲೂ ಇಲ್ಲ ಬಂತಲ್ಲೋ” ಅಂದಳು. “ಇಪ್ಪತ್ತೆಂಟು ವರ್ಷದಲ್ಲಿ ಯಾರಿಗೂ ಬರ್ದೇ ಇದ್ದಿದ್ದು. ನಂಗೊಬ್ಳಿಗೆ ಬಂತು ಅಂದ್ರೆ ಅವ್ರಿಗೆ ಎಷ್ಟು ಕೋಪ ಇರ್ಬೇಕು.”

“ಅಯ್ಯೋ, ಕೋಪ ಎಲ್ಲಿಂದ ಬಂತು? ತಡಿ, ಇನ್ನೊಂದ್ಸಲ ಹಾಕ್ತೀನಿ.”

“ಮುಟ್ಬೇಡ!” ಅವಳು ಅವನ ಕೈಗೆ ಹೊಡೆದಳು. “ಹಿರಿಯರ ಹತ್ರ ಚೌಕಾಸಿ ಮಾಡ್ತೀಯಾ? ಇಲ್ಲ ಅಂದ್ಮೇಲೆ ಅದೇ ಮಾತು ಮತ್ತೆ ಕೇಳ್ಬಾರ್ದು ಅಂತ ನಿಂಗೆ ಗೊತ್ತಿಲ್ವಾ? ಹೋಗು. ಆ ಹುಡುಗಿಗೆ ಫೋನ್ ಮಾಡ್ತೀನಿ, ನಾನು ಬರಲ್ಲ ಅಂತ. ಎಲ್ಲೋ ಒಂದು ಕೋಣೆ ಹುಡುಕ್ತೀನಿ. ಕೋಣೆ ಸಿಗ್ದಿದ್ರೆ ಈ ಮೇಜಿನ ಅಡಿ ಮಲಗಿ ಅಭ್ಯಾಸ ಇದೆಯಲ್ಲ.”

ಪೋಚುವಾನ್ ಸೈಕಲ್ ತಳ್ಳಿಕೊಂಡು ಸೇತುವೆಯವರೆಗೆ ಹೋದ. ಅವಳು ಅತ್ತದ್ದು ಹೋಗಬಾರದು ಅಂತಲ್ಲ, ಹೋಗುತ್ತಿದ್ದೇನಲ್ಲ ಅಂತ. ಸುಳ್ಳು ಹೂಂ ಆಗಿದ್ದರೆ ಅವಳು ಎರಡು ದಿನ ಅತ್ತು ಬಸ್ಸು ಹತ್ತುತ್ತಿದ್ದಳು. ಸುಳ್ಳು ಇಲ್ಲ ಅವಳನ್ನು ಕಟ್ಟಿಹಾಕಿತ್ತು, ಅದನ್ನು ಇನ್ನೊಂದು ಕೈಚಳಕದಿಂದ ಬಿಚ್ಚುವ ದಾರಿಯೂ ಇರಲಿಲ್ಲ. ನಿಜ ಹೇಳಬೇಕು. ನಿಜ ಹೇಳಿದರೆ ಅವಳೊಬ್ಬಳ ಇಲ್ಲ ಮಾತ್ರ ಹೋಗುವುದಿಲ್ಲ, ಊರಿಗೆಲ್ಲ ಹಂಚಿದ ಹೂಂಗಳೂ ಹೋಗುತ್ತವೆ. ಎಷ್ಟು ಮನೆಯವರು ಆ ಹೂಂ ನಂಬಿಕೊಂಡು ಮಲಗುತ್ತಿದ್ದಾರೋ! ಅವನು ಸೇತುವೆಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದ. ಆಮೇಲೆ ಸೈಕಲ್ ತಿರುಗಿಸಿದ.

ಬಾಗಿಲಲ್ಲೇ ನಿಂತು ಹೇಳಿದ. “ಗುವಾತ್ ನಿಯೋ, ಅದು ನಿಮ್ಮಪ್ಪ ಹೇಳಿದ್ದಲ್ಲ. ನಾನು ಬೀಳ್ಸಿದ್ದು. ಹೆಬ್ಬೆರಳಲ್ಲಿ. ನಿಂಗೆ ಮಾರೋಕೆ ಇಷ್ಟ ಇಲ್ಲ ಅಂದ್ಕೊಂಡೆ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವನು ಚೀಲದಿಂದ ಪುವೇ ತೆಗೆದು ಹೊಸ್ತಿಲ ಮೇಲೆ ಹಾಕಿ ತೋರಿಸಿದ. ಹೂಂ. ಮತ್ತೆ ಹಾಕಿದ. ಇಲ್ಲ. ಮತ್ತೆ, ಹೂಂ.

ಗುವಾತ್ ನಿಯೋ ಕೇಳಿದಳು, “ಹಾಗಾದ್ರೆ ಕಿಮ್ ತೆಕ್‌ಗೆ?”

ಕಿಮ್ ತೆಕ್ ಅವಳ ತಮ್ಮ, ತೀರಿಕೊಂಡು ಮೂರು ವರ್ಷ. ತನ್ನ ಪಾಲಿಗೆ ಬಂದಿದ್ದ ಅಮ್ಮನ ಮದುವೆಯ ಮಂಚವನ್ನು, ಬಂಗಾರದ ಬಣ್ಣದ ಹಕ್ಕಿ ಕೆತ್ತಿದ್ದ ಮಂಚವನ್ನು, ಇದೇ ಹರಾಜು ಮನೆಯಲ್ಲಿ ಮಾರಿದ್ದ. ಮಂಚಕ್ಕೆ ಯಾರನ್ನೂ ಕೇಳುವ ಪದ್ಧತಿಯಿಲ್ಲ. ಅವನು ಮಾತ್ರ ಅಮ್ಮನನ್ನು ಕೇಳಿಕೊಡು ಅಂತ ಪೋಚುವಾನನ ಕಾಲಿಗೆ ಬಿದ್ದಿದ್ದ.

“ಅವ್ನಿಗೂ ನಾನೇ” ಅಂದ ಪೋಚುವಾನ್.

“ಹೋಗಾಚೆ” ಅಂದಳು. ಅವನು ತಿರುಗಿದ. “ಎಲ್ಲಿಗೋ ಹೋಗ್ತೀಯಾ, ಮುಠ್ಠಾಳ? ಮಾಡಿದ್ದನ್ನ ಸರಿ ಮಾಡಿ ಹೋಗು. ಎಡಗೈಲಿ ಹಾಕು. ಕಣ್ಮುಚ್ಕೊಂಡು.”

ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಏನು ಬೀಳುತ್ತದೋ ತಿಳಿಯದೆ ಅವನು ಎಡಗೈಯಲ್ಲಿ ಪುವೇ ಹಿಡಿದ. ಮಾಡಿದ್ದಕ್ಕೆ ಕ್ಷಮೆ ಕೇಳಿ, ಮೇಜನ್ನು ಮಾರಲೇ ಅಂತ ಕೇಳಿ, ಹಾಕಿದ. ಕಣ್ಣು ಬಿಟ್ಟರೆ ಎರಡೂ ಚಪ್ಪಟೆ ಮೇಲಾಗಿದ್ದವು. ಇನ್ನೊಮ್ಮೆ ಹಾಕಿದ. ಮತ್ತೆ ಎರಡೂ ಚಪ್ಪಟೆ.

“ನಗ್ತಿದ್ದಾರೆ” ಅಂದಳು ಗುವಾತ್ ನಿಯೋ. “ನಿನ್ನ ಮುಖ ನೋಡಿದ್ರೆ ಯಾರಿಗೆ ನಗು ಬರಲ್ಲ!” ಅಂದವಳೇ ತಾನೂ ನಕ್ಕಳು, ನಗುತ್ತಲೇ ಕುಪ್ಪಸದ ತೋಳಿನಿಂದ ಮೂಗೊರೆಸಿಕೊಂಡಳು. ಆಮೇಲೆ ಅವಳಿಗೆ ನೆನಪಾಯಿತು, ನಗುತ್ತಿದ್ದಾರೆ ಅಂದರೆ ಪ್ರಶ್ನೆ ಸರಿಯಿಲ್ಲ ಅಂತ.

“ಕೊಡು ಇಲ್ಲಿ” ಅಂತ ಪುವೇಯನ್ನು ಕಿತ್ತುಕೊಂಡು ಮೇಜಿನ ಮುಂದೆ ಮಂಡಿಯೂರಿದಳು. “ಅಪ್ಪಾ, ಅಮ್ಮಾ, ಈ ಮೇಜಿನ ಮಾತು ಬಿಡಿ. ಮರ ಅದು. ಸಿಂಗಪುರಕ್ಕೆ ಹೋಗ್ತಿದ್ದೀನಿ. ಹನ್ನೆರಡನೇ ಮಹಡಿ, ಗೂಡಿನಷ್ಟು ಮನೆ, ಮಕ್ಕಳ ಗಲಾಟೆ. ನಿಮ್ಮನ್ನ ಒಂದು ಸಣ್ಣ ಬಟ್ಟಲಲ್ಲಿ ಕೂರಿಸ್ಬೇಕಾಗುತ್ತೆ. ನನ್ನ ಜೊತೆ ಬರ್ತೀರಾ?”

ಒಂದು ಚಪ್ಪಟೆ, ಒಂದು ಉಬ್ಬು.

ಪೋಚುವಾನ್ ಆ ತುಂಡುಗಳನ್ನು ನೋಡುತ್ತಾ ನಿಂತ. ಅಷ್ಟು ಮನೆಗಳಲ್ಲಿ ಅಷ್ಟು ಸಲ ಅವನು ಹಿರಿಯರನ್ನು ಮಾರಲೇ ಅಂತ ಕೇಳಿದ್ದ. ಬರುತ್ತೀರಾ ಅಂತ ಕರೆದಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು, ಅತ್ತುಬಿಟ್ಟ. ಗುವಾತ್ ನಿಯೋ ಅವನನ್ನು ಅಳಲು ಬಿಟ್ಟು ಹಿರಿಯರು ನೆಲೆಸುವ ಧೂಪದ ಬಟ್ಟಲಿನ ಬೂದಿಯನ್ನು ಚಮಚದಿಂದ ಒಂದು ಬಿಸ್ಕತ್ತಿನ ಡಬ್ಬಿಗೆ ತುಂಬಿದಳು.

ಶನಿವಾರ ಮೇಜು ಹರಾಜಾಯಿತು. ಪಕ್ಕದೂರು ಮೂವಾರಿನ ಹಡಗು ಕಟ್ಟುವ ಬಾಬಾ ಒಬ್ಬ ತನ್ನ ಮನೆಯ ಪೂಜೆಗೇ ಕೊಂಡ. ಪೋಚುವಾನ್ ಅದರ ಮೈಮೇಲೆ ಅಂಗೈ ಇಟ್ಟವನು ಸುತ್ತಿಗೆ ಬೀಳುವವರೆಗೂ ತೆಗೆಯಲಿಲ್ಲ.

ಮಂಗಳವಾರ ಅವಳ ಟ್ರಂಕನ್ನು ಸೈಕಲ್ಲಿಗೆ ಕಟ್ಟಿಕೊಂಡು ಅವನೇ ಬಸ್ಸಿನವರೆಗೆ ಬಂದ. ದಾರಿಯುದ್ದಕ್ಕೂ ಒಂದೇ ಮಾತು ಅವನ ಬಾಯಿಗೆ ಬಂದು ವಾಪಸು ಹೋಗುತ್ತಿತ್ತು. ಅವಳು ಕಿಟಕಿಯ ಪಕ್ಕ ಕೂತು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡ ಮೇಲೆ, ಕೊನೆಗೂ ಕೇಳಿದ.

“ಊರಲ್ಲಿ ಎಲ್ರಿಗೂ ಹೇಳ್ಬೇಕಾ ನಾನು?”

ಅವಳು ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತಿದಳು.

“ಕಿಮ್ ತೆಕ್ ಸಾಯೋ ಹಿಂದಿನ ದಿನ ನನ್ನ ಕೈ ಹಿಡ್ಕೊಂಡಿದ್ದ” ಅಂದಳು. “‘ಅಕ್ಕ, ಮಂಚದ ವಿಷ್ಯ, ಅಮ್ಮ ಹೂಂ ಅಂದಿದ್ಳು ಅಲ್ವಾ?’ ಅಂದ. ‘ಹೂಂ ಕಣೋ, ಪೋಚುವಾನ್ ಕೇಳಿದ್ನಲ್ಲ’ ಅಂದೆ. ಆಮೇಲೆ ನಿದ್ದೆ ಮಾಡ್ದ.”

ಚಾಲಕ ಇಂಜಿನ್ ಶುರು ಮಾಡಿದ. ಅವಳು ಕಿಟಕಿಯಿಂದ ಬಗ್ಗಿ, ಗದ್ದಲದಲ್ಲಿ ಅವನಿಗೆ ಕೇಳಿಸುವಷ್ಟು ಜೋರಾಗಿ ಹೇಳಿದಳು.

“ಈ ಹಾಳಾದ ಹೆಬ್ಬೆರಳಿನ ವಿಷ್ಯ ನಂಗೆ ಅವತ್ತೇ ಗೊತ್ತಿದ್ದಿದ್ರೂ, ಅವ್ನಿಗೆ ಹೂಂ ಅಂತಾನೇ ಅಂತಿದ್ದೆ.”