ಹನಿ ಮೇಸ್ತ್ರಿಯ ಲೋಟ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಹನಿ ಮೇಸ್ತ್ರಿ ಎನ್ನುತ್ತಿದ್ದರು. ತೊಟ್ಟಿಯ ಶಾಖ ಅಳೆಯುವ ಮುಳ್ಳು ಕೆಟ್ಟು ವರ್ಷಗಳೇ ಆಗಿದ್ದವು. ರಿಪೇರಿ ಮಾಡಿಸೋಣವೆಂದರೆ ಮಾಲೀಕ, "ನೀವಿದ್ದೀರಲ್ಲ ಬಿಡಿ" ಎಂದು ಹಲ್ಲು ಕಿರಿಯುತ್ತಿದ್ದ. ಮೇಸ್ತ್ರಿಯ ವಿದ್ಯೆ ಇಷ್ಟೇ: ತೊಟ್ಟಿಯ ನೀರನ್ನು ಗಾಜಿನ ಲೋಟದಲ್ಲಿ ತರಿಸಿ ಒಂದು ಹನಿ ನೀಲಿ ಬಿಡುವುದು. ನೀರು ತಣ್ಣಗಿದ್ದರೆ ಬಣ್ಣ ದಾರದೆಳೆಯಂತೆ ತಳಕ್ಕಿಳಿದು ಸೋಮಾರಿಯಾಗಿ ಕೂರುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ ಹರಡುತ್ತದೆ. ಆರು ಎಣಿಸುವಷ್ಟರಲ್ಲಿ ಲೋಟವೆಲ್ಲ ಒಂದೇ ನೀಲಿಯಾದರೆ ತೊಟ್ಟಿಗೆ ಬಣ್ಣ ಸುರಿಯಬಹುದು.

ಮಂಡಿನೋವು ಹಿಡಿದುಕೊಂಡ ಮೇಲೆ ತೊಟ್ಟಿಯ ಕಬ್ಬಿಣದ ಮೆಟ್ಟಿಲು ಹತ್ತುವುದು ಅವನಿಂದಾಗುತ್ತಿರಲಿಲ್ಲ. ಲೋಟ ತರುವ ಕೆಲಸ ತಮ್ಮನದಾಯಿತು. ಅವನನ್ನು ಈ ಕೆಲಸಕ್ಕೆ ಸೇರಿಸಿದವನೂ ಕಲಿಸಿದವನೂ ಮೇಸ್ತ್ರಿಯೇ.

ಆ ದಿನ ಆಸ್ಪತ್ರೆಯ ಪರದೆಗಳ ಸರದಿ. ಲೋಟ ಬಂತು, ಹನಿ ಬಿತ್ತು, ಮೂರು ಎಣಿಸುವುದರೊಳಗೆ ನೀಲಿ ತುಂಬಿತು. ಇಷ್ಟು ಬೇಗ ಹೇಗೆ ಎಂದು ಬೇರೆ ಯಾರು ತಂದಿದ್ದರೂ ಕೇಳುತ್ತಿದ್ದ. ತಮ್ಮ ತಂದದ್ದಲ್ಲವೇ ಎಂದು, "ಬಣ್ಣ ಸುರಿದು ಬಟ್ಟೆ ಇಳಿಸ್ರಪ್ಪ" ಎಂದುಬಿಟ್ಟ. ಹೊರಬಂದ ಬಟ್ಟೆ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ಬಿಳಿಚಿಕೊಂಡ ತೇಪೆ.

"ಕಣ್ಣು ಕೈಕೊಡ್ತಿದೆ ಮೇಸ್ತ್ರಿ," ಎಂದ ಮಾಲೀಕ. "ನಾಳೆಯಿಂದ ತೊಟ್ಟಿ ನಿಮ್ಮ ತಮ್ಮ ನೋಡ್ಕೊಳ್ಲಿ. ನೀವು ಬಟ್ಟೆ ಮಡಚ್ತಾ ಕೂತ್ಕೊಳಿ."

ತಮ್ಮ ಆಗಲೇ ಲೋಟ ತೊಳೆದು ತನ್ನ ಬಳಿ ಇಟ್ಟುಕೊಂಡ.

ಎಲ್ಲರೂ ಊಟಕ್ಕೆ ಹೋದಾಗ ಮೇಸ್ತ್ರಿ ಹಲ್ಲುಕಚ್ಚಿ ಮೆಟ್ಟಿಲು ಹತ್ತಿ ತೊಟ್ಟಿಯೊಳಗೆ ಕೈಯಿಟ್ಟ. ಬರೀ ಉಗುರುಬೆಚ್ಚಗೆ! ಒಲೆ ಆರಿಸಿದರೂ ಗಂಟೆಗಟ್ಟಲೆ ಕೈ ಸುಡುವ ತೊಟ್ಟಿ ಅದು. ಹಾಗಾದರೆ ಅದು ಇವತ್ತು ಕಾದೇ ಇರಲಿಲ್ಲ; ಲೋಟದ ನೀರು ಎಲ್ಲಿಯದು? ಮೂಲೆಯಲ್ಲಿ ಚಹಾದ ಕೆಟಲ್ ಹಬೆಯಾಡುತ್ತಿತ್ತು. ಮಾಲೀಕನ ಮಾತು ಹಾಳಾಗಲಿ, ಒಡಹುಟ್ಟಿದವನೇ ಕತ್ತು ಕುಯ್ದನಲ್ಲ!

ಕೆಳಗೆ ತಮ್ಮ ಬಂದು ನಿಂತಿದ್ದ.

"ಕೆಟಲ್ ನೀರು ತಂದ್ಯೇನೋ?"

"ಎಷ್ಟು ವರ್ಷ ಅಂತ ಲೋಟ ಹೊರ್ಲಿ ಅಣ್ಣ? ನೀನಾಗಿ ಯಾವತ್ತು ಬಿಡ್ತಿದ್ದೆ?"

"ಕೇಳಿದ್ರೆ ಇವತ್ತೇ ಬಿಡ್ತಿದ್ದೆನಲ್ಲೋ. ಮರ್ಯಾದೆಯಿಂದ ಇಳೀತಿದ್ದೆ. ಈಗ ಕೆಲಸ ಬಾರದವನು ಅನ್ನಿಸ್ಕೊಂಡು ಬಟ್ಟೆ ಮಡಚೋಕೆ ಹೋಗ್ಬೇಕು."

ತಮ್ಮನ ಮುಖ ಸಣ್ಣಗಾಯಿತು. ಆದರೂ ಕೇಳಿದ್ದು ಇದೊಂದೇ: "ಮಾಲೀಕರಿಗೆ ಹೇಳ್ತೀಯಾ?"

"ಹೇಳಲ್ಲ," ಎಂದ ಮೇಸ್ತ್ರಿ. "ಆದ್ರೆ ಇನ್ಮೇಲೆ ನನ್ನನ್ನ ಅಣ್ಣ ಅನ್ಬೇಡ."