ಲೈನ್‌ಮನ್ ಕಾಕಾನ ರೆಕ್ಸಿನ್ ಚಡ್ಡಿ

ಅವರ ಎರಡೂ ಮೊಣಕಾಲುಗಳ ಮೇಲೆ ಒಂದು ಕೂದಲೂ ಇರಲಿಲ್ಲ. ಇಪ್ಪತ್ತು ವರ್ಷ ಕಬ್ಬಿಣದ ಕಂಬಗಳನ್ನು ತಬ್ಬಿಕೊಂಡು ಹತ್ತಿ ಇಳಿದು ಅಲ್ಲಿಯ ಚರ್ಮ ಎತ್ತಿನ ಹೆಗಲಿನ ಹಾಗೆ ದಪ್ಪಗಾಗಿ, ಕಪ್ಪಗಾಗಿ, ಮಳೆನೀರು ಬಿದ್ದರೆ ನಿಲ್ಲದೆ ಜಾರಿಹೋಗುತ್ತಿತ್ತು. ಆ ಮೊಣಕಾಲುಗಳಿಂದ ಒಂದು ಗೇಣು ಮೇಲಕ್ಕೆ ಶುರುವಾಗುವುದು ಅವರ ಚಡ್ಡಿ. ಬಟ್ಟೆಯದಲ್ಲ, ಲಾರಿಯ ಸೀಟಿಗೆ ಹಾಕುವ ಕೆಂಪು ರೆಕ್ಸಿನ್ನಿನದು. ಮಳೆಯಲ್ಲಿ ಸೈಕಲ್ ತುಳಿದುಕೊಂಡು ಬರುವಾಗ ದೂರದಿಂದ ಮೊದಲು ಕಾಣುತ್ತಿದ್ದದ್ದು ಆ ಕೆಂಪು, ಆಮೇಲೆ ಅವರು.

ಅವರು ಟೆಲಿಫೋನ್ ಲೈನ್‌ಮನ್. ನಾನು ರಾಜೇಶ್ವರದ ಸಣ್ಣ ಟೆಲಿಫೋನ್ ಆಫೀಸಿನಲ್ಲಿ ಹೊಸದಾಗಿ ಸೇರಿದ್ದ ಆಪರೇಟರ್. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಒಂದು ಕೋಣೆ, ಕರೆ ಜೋಡಿಸುವ ಒಂದು ಬೋರ್ಡು, ಕಾಲು ಅಲ್ಲಾಡುವ ಒಂದು ಕುರ್ಚಿ. ಮನೆ ಹುಮನಾಬಾದಿನಲ್ಲಿತ್ತು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮುಂಜಾನೆಯಿಂದ ಸಂಜೆಯ ತನಕ ಮಂದಿಯ ಮಾತಿಗೆ ಮಾತು ಜೋಡಿಸಿಕೊಡುವುದು ನನ್ನ ಕೆಲಸ. ನನ್ನ ಜೊತೆ ಮಾತಾಡುವವರು ಮಾತ್ರ ಯಾರೂ ಇಲ್ಲ. ಕೆಲವು ದಿನ ಸಂಜೆ ಬಸ್ಸು ಹತ್ತಿ ಕಂಡಕ್ಟರನಿಗೆ ಊರಿನ ಹೆಸರು ಹೇಳುವಾಗ ನನ್ನ ದನಿ ನನಗೇ ಹೊಸದೆನಿಸುತ್ತಿತ್ತು.

ಆ ಕೋಣೆಗೆ ಮಧ್ಯಾಹ್ನ ಬರುತ್ತಿದ್ದವರು ಈ ಲೈನ್‌ಮನ್ ಒಬ್ಬರೇ. ಬಸವಕಲ್ಯಾಣದಲ್ಲಿ ಅವರ ಮನೆ. ಅಲ್ಲಿಂದ ಸೈಕಲ್ ಮೇಲೆ ಲೈನು ನೋಡಿಕೊಳ್ಳುತ್ತ ಬಂದು, ಗೋಡೆಗೆ ಬೆನ್ನು ಕೊಟ್ಟು ಕೂತು, "ತಮ್ಮಾ, ಊಟ ಆತೇನು?" ಎನ್ನುತ್ತಿದ್ದರು. ಇಡೀ ದಿನದಲ್ಲಿ ನನ್ನ ಬಗ್ಗೆ ಯಾರಾದರೂ ಕೇಳಿದ ಪ್ರಶ್ನೆ ಅದೊಂದೇ. ನಾನು ಅವರನ್ನು ಕಾಕಾ ಎಂದು ಕರೆಯುತ್ತಿದ್ದೆ. ಇಬ್ಬರೂ ಡಬ್ಬಿ ಬಿಚ್ಚಿ ಒಟ್ಟಿಗೆ ಉಣ್ಣುತ್ತಿದ್ದೆವು. ಅವರು ಬೌದ್ಧರು. ಅವರ ಅಪ್ಪನ ಕಾಲದಲ್ಲಿ ಊರೊಳಗೆ ಚಪ್ಪಲಿ ಮೆಟ್ಟಿ ನಡೆಯುವಂತಿರಲಿಲ್ಲವಂತೆ. ನಮ್ಮದು ಕಾಳುಕಡಿ ಕೊಂಡು ಮಾರುವ ಅಡತಿ ಅಂಗಡಿಯ ಮನೆತನ, ಬೆಳಿಗ್ಗೆ ಎದ್ದು ವಚನ ಹೇಳುವ ಮನೆ. ಅವರ ಡಬ್ಬಿಯ ಪುಂಡಿಪಲ್ಯವನ್ನು ನಾನು ಬೆರಳು ನೆಕ್ಕಿಕೊಂಡು ತಿನ್ನುತ್ತಿದ್ದೆ. ನಾನು ಎಷ್ಟು ದೊಡ್ಡ ಮನಸ್ಸಿನವನು ಎಂದು ಒಳಗೊಳಗೇ ಬೀಗುತ್ತಿದ್ದೆ. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಚಡ್ಡಿಯ ವಿಷಯಕ್ಕೆ ಬರುತ್ತೇನೆ. ತಂತಿಯೇನು ರಸ್ತೆ ಹಿಡಿದು ಬರುವುದಿಲ್ಲ. ಕೆಂಪು ಕಲ್ಲಿನ ಗುಡ್ಡ ಹತ್ತುತ್ತದೆ, ಎರೆ ಹೊಲಕ್ಕೆ ಇಳಿಯುತ್ತದೆ, ಹಳ್ಳ ದಾಟುತ್ತದೆ. ಕಾಕಾ ಅದರ ಬೆನ್ನು ಹತ್ತಿ ಹೋಗುತ್ತಿದ್ದರು. ಇಳಿಜಾರಿನಲ್ಲಿ ಸೀಟಿನಿಂದ ಎದ್ದು ನಿಂತು, ಕಲ್ಲುಗಳ ಮೇಲೆ ಸೈಕಲನ್ನು ಕುಣಿಸುತ್ತ ಇಳಿಸುತ್ತಿದ್ದರು. ಮಳೆಗಾಲದಲ್ಲಿ ಮೇಲೆ ಹಾಕಿದ ರೇನ್‌ಕೋಟಿನಿಂದ ಇಳಿದ ನೀರು ತೊಡೆಯ ಮೇಲೆ ಸುರಿಯುತ್ತದೆ, ಹಿಂದಿನ ಗಾಲಿಯ ರಾಡಿ ಕೆಳಗಿನಿಂದ ಸಿಡಿಯುತ್ತದೆ. ಉದ್ದನೆಯ ರೇನ್‌ಕೋಟ್ ಪ್ಯಾಂಟು ಹಾಕಿದರೆ ಚೈನಿಗೆ ಸಿಕ್ಕುತ್ತದೆ, ಕಂಬ ಹತ್ತಲೂ ಬರುವುದಿಲ್ಲ. ಅದಕ್ಕೇ ಹುಮನಾಬಾದಿನ ಹೈವೇ ಮೇಲೆ ಲಾರಿ ಸೀಟು ಹೊಲಿಯುವವನ ಹತ್ತಿರ ಹೋಗಿ ಈ ಚಡ್ಡಿ ಹೊಲಿಸಿದ್ದರು.

ಮೊದಲನೆಯದು ಎರಡೇ ದಿನಕ್ಕೆ ಕೈಕೊಟ್ಟಿತಂತೆ. ಹೊಲಿಗೆ ನಟ್ಟನಡುವೆ ಬಂದಿತ್ತು, ಸೂಜಿಯ ತೂತುಗಳಲ್ಲಿ ನೀರು ಇಳಿಯಿತು. ಎರಡನೆಯದಕ್ಕೆ ಕೂರುವ ಜಾಗಕ್ಕೆ ಒಂದೇ ತುಂಡು ಹಾಕಿಸಿ, ಹೊಲಿಗೆಯನ್ನು ಪಕ್ಕಕ್ಕೆ ಸರಿಸಿ, ಅದರ ಮೇಲೆ ಮೇಣದ ಬತ್ತಿ ತಿಕ್ಕಿದರು. ಒಳಗಿನ ಪ್ಯಾಂಟನ್ನು ಮೊಣಕಾಲ ಮೇಲಕ್ಕೆ ಮಡಚಿ ಅದರ ಮೇಲೆ ಚಡ್ಡಿ ಏರಿಸುತ್ತಿದ್ದರು. "ಮೊಣಕಾಲು ತೊಯ್ದ್ರ ಒರಸಿದ್ರ ಹೋತು. ಕುಂಡಿ ತೊಯ್ಬಾರದು ನೋಡು ತಮ್ಮಾ," ಎನ್ನುತ್ತಿದ್ದರು. ಬಸವಕಲ್ಯಾಣದ ಆಫೀಸಿನ ಮಂದಿ ನಕ್ಕರು. ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ನಕ್ಕರು. ಕಾಕಾ ತಾವೂ ನಕ್ಕು ಮುಂದೆ ಹೋಗುತ್ತಿದ್ದರು.

ಅವರ ಇನ್ನೊಂದು ಅಭ್ಯಾಸ ನನಗೆ ವಿಚಿತ್ರವೆನಿಸುತ್ತಿತ್ತು. ಊರು ಹತ್ತಿರವಾಗುತ್ತಲೇ ಯಾವುದಾದರೂ ಮರದ ಕೆಳಗೆ ಸೈಕಲ್ ನಿಲ್ಲಿಸಿ ಚಡ್ಡಿ ಕಳಚುತ್ತಿದ್ದರು. ಒಳಗೆ ಬೆವರು ಹಿಡಿದಿದ್ದ ಪ್ಯಾಂಟು ಆರುವ ತನಕ ಗಾಳಿಗೆ ನಿಂತು, ಮತ್ತೆ ಚಡ್ಡಿ ಹಾಕಿಕೊಂಡು ಊರೊಳಗೆ ಹೋಗುತ್ತಿದ್ದರು. ಗುಡ್ಡದಲ್ಲಿ ಗಡಿಬಿಡಿ ಮಾಡುವ ಮನುಷ್ಯ ಅಲ್ಲಿ ಮಾತ್ರ ಎಷ್ಟು ಹೊತ್ತಾದರೂ ಕಾಯುತ್ತಿದ್ದರು.

ಒಂದು ಮಳೆಗಾಲ ನನಗೂ ಅಂಥದೊಂದು ಹೊಲಿಸಿ ತಂದರು. ಆ ದಿನ ಬೋರ್ಡು ಕೆಟ್ಟು ನನಗೆ ಕೆಲಸವಿರಲಿಲ್ಲ. ಬಾಡಿಗೆ ಸೈಕಲ್ ತೆಗೆದುಕೊಂಡು ಚಡ್ಡಿ ಏರಿಸಿ ಅವರ ಹಿಂದೆ ಹೊರಟೆ. ಗುಡ್ಡ ಹತ್ತುವುದರೊಳಗೆ ನನ್ನ ತೊಡೆಗಳು ಬೆಂದುಹೋದವು. ಮಳೆಯಿಂದ ತೊಯ್ಯದಿದ್ದರೂ ಬೆವರಿನಿಂದ ತೊಯ್ದಿದ್ದೆ. ಅದನ್ನು ಕಿತ್ತು ಕ್ಯಾರಿಯರಿಗೆ ಕಟ್ಟಿ, "ಕಾಕಾ, ಇದರಕಿಂತ ಮಳ್ಯಾಗ ತೊಯ್ಯೋದೇ ಚಲೋ ಅದ. ಇದರದೇನೂ ಉಪಯೋಗಿಲ್ಲ," ಎಂದೆ.

"ನಿನಗ ಉಪಯೋಗಿಲ್ಲ, ಖರೆ," ಎಂದರು. "ನೀ ತೊಯ್ದ್ ಹೋದ್ರೂ ಕುಂದ್ರು ಅಂತಾರ."

ಅವರೇನು ಹೇಳುತ್ತಿದ್ದಾರೆಂದು ನನಗೆ ಆಗ ತಿಳಿಯಲಿಲ್ಲ.

ಹೋದದ್ದು ಒಬ್ಬ ದೊಡ್ಡ ಜಮೀನುದಾರರ ಮನೆಗೆ. ಅವರ ಫೋನು ಸತ್ತು ನಾಲ್ಕು ದಿನವಾಗಿತ್ತು. ಬಾಗಿಲಲ್ಲಿ ಕಾಕಾ ರೇನ್‌ಕೋಟು, ಚಡ್ಡಿ ಬಿಚ್ಚಿ ಸೈಕಲ್ಲಿನ ಹ್ಯಾಂಡಲಿಗೆ ಹಾಕಿದರು. ಕಾಲು ತೊಳೆದುಕೊಂಡು ಪ್ಯಾಂಟಿನ ಮಡಿಕೆ ಇಳಿಸಿದರು. ಅದರ ಮೇಲೆ ಒಂದು ಹನಿಯ ಗುರುತೂ ಇರಲಿಲ್ಲ. ಅವರ ಪಕ್ಕದಲ್ಲಿ ನಾನು ತೊಯ್ದು ತೊಪ್ಪೆಯಾಗಿ, ನೀರು ಸುರಿಸುತ್ತ ನಿಂತಿದ್ದೆ.

"ಬರ್ರಿ ಆಪರೇಟರ್ ಸಾಹೇಬ್ರ, ಒಳಗ ಬರ್ರಿ, ಕುಂದರ್ರಿ," ಎಂದು ಯಜಮಾನರು ಮೆತ್ತೆ ಹಾಕಿದ ಕುರ್ಚಿಯನ್ನು ನನ್ನ ಕಡೆ ಎಳೆದರು. ಕಾಕಾನ ಕಡೆ ತಿರುಗಿ, "ನೀ ಅಲ್ಲೇ ನಿಂದ್ರು, ತೊಯ್ದ್..." ಎಂದವರು ಅವರ ಪ್ಯಾಂಟು ನೋಡಿ ತಡೆದರು. ಆಮೇಲೆ, "ಹೊರಗ ಕಟ್ಟಿ ಮ್ಯಾಲ ಕುಂದ್ರು, ಗಾಳಿ ಚಲೋ ಬರ್ತದ," ಎಂದರು. ಫೋನನ್ನು ವೈರಿನ ಸಮೇತ ಹೊಸ್ತಿಲಿಗೆ ತಂದಿಟ್ಟರು. ಕಾಕಾ ಅಲ್ಲೇ ಕೂತು ರಿಪೇರಿ ಮಾಡಿದರು. ನಾನು ಮೆತ್ತೆ ತೋಯಿಸುತ್ತ ಒಳಗೆ ಕೂತು ಚಹಾ ಕುಡಿದೆ.

ವಾಪಸು ಬರುವಾಗ ಮಳೆ ನಿಂತಿತ್ತು. ನನಗೆ ತಲೆ ಎತ್ತಲಾಗಲಿಲ್ಲ. ಅವರೇ ಮಾತು ತೆಗೆದರು.

"ಮೊದಲ ಹ್ಯಾಂಗಾಗ್ತಿತ್ತು ಅಂದ್ರ ತಮ್ಮಾ, ಮಳಿಗಾಲದಾಗ ಯಾರರೆ ಹೊರಗ ನಿಂದರಸಿದ್ರ ನನಗ ತಿಳೀತಿದ್ದಿಲ್ಲ. ತೊಯ್ದೇನಂತ ನಿಂದರಸ್ಯಾರೋ, ನಾ ಯಾರಂತ ನಿಂದರಸ್ಯಾರೋ. ಮನಿಗಿ ಹೋಗಿ ರಾತ್ರಿಯೆಲ್ಲ ಅದೇ ವಿಚಾರ. ಒಬ್ಬ ಚಲೋ ಮನಷಾಗ ಮನಸಿನ್ಯಾಗ ಸುಮ್ನ ಬಯ್ದಂಗ ಆಗ್ತದಲ್ಲ. ಈಗ ಹಂಗಿಲ್ಲ. ಒಣಾ ಹೋಗ್ತೀನಿ. ಕುಂದ್ರು ಅನ್ನವ್ರು ಅಂತಾರ, ಇಲ್ಲನ್ನವ್ರು ಇಲ್ಲಂತಾರ. ಎದಕ್ಕಂತ ಅವ್ರಿಗೂ ತಿಳೀತದ, ನನಗೂ ತಿಳೀತದ."

"ಕುಂದ್ರು ಅಂದವ್ರು ಅದಾರೇನು ಕಾಕಾ?"

"ಅದಾರಲ್ಲ. ಕೊಹಿನೂರ ಹಳ್ಳಿ ಕಡಿ ಒಬ್ಬ ಮುದುಕಿ ಅದಾಳ. ನಾ ಬರೂದು ನೋಡಿ ಕುರ್ಚಿ ಒರಸಿ ಇಡ್ತಾಳ. ಆಕಿ ಫೋನು ಕೆಟ್ರ ಆವತ್ತೇ ಹೋಗ್ತೀನಿ." ಇದನ್ನು ಹೇಳುವಾಗ ಅವರ ಮುಖ ಅರಳಿತ್ತು. ನಾನು ಬಹಳ ಆವೇಶದಿಂದ, ನಮ್ಮ ಮನೆಗೆ ಒಮ್ಮೆ ಬರ್ರಿ ಕಾಕಾ, ನಮ್ಮಲ್ಲಿ ಹಾಗೆಲ್ಲ ಇಲ್ಲ ಎಂದೆ. ಅವರು ನನ್ನ ಮುಖ ನೋಡಿ, "ಬರ್ತೀನಿ ಬಿಡು," ಎಂದರು.

ಬಂದರು. ಮುಂದಿನ ವರ್ಷದ ಶ್ರಾವಣ. ನಮ್ಮ ಅಕ್ಕನಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಆ ಭಾನುವಾರ ಮನ್ನಾಏಖೇಳ್ಳಿಯಿಂದ ಗಂಡಿನ ಕಡೆಯ ಹಿರಿಯರು ಬರುವವರಿದ್ದರು, ಸೋಲಾಪುರದಲ್ಲಿದ್ದ ಹುಡುಗ ಫೋನಿನಲ್ಲಿ ಒಪ್ಪಿಗೆ ಹೇಳುವವನಿದ್ದ. ಹಿಂದಿನ ದಿನವೇ ಫೋನು ಸತ್ತಿತು. ಹುಮನಾಬಾದಿನ ಲೈನ್‌ಮನ್ ರಜೆಯಲ್ಲಿದ್ದ. ನಮ್ಮ ಕಾಕಾನ ಸರಹದ್ದಿಗೆ ಅದು ಬರುತ್ತಿರಲಿಲ್ಲ, ಆದರೂ ನಾನು ಕೈ ಮುಗಿದು ಕೇಳಿಕೊಂಡಿದ್ದೆ. ರಜಾ ದಿನ, ಸುರಿಯುವ ಮಳೆ. ಬಸವಕಲ್ಯಾಣದಿಂದ ಅಷ್ಟು ದೂರ ಸೈಕಲ್ ತುಳಿದು ಬಂದರು.

ನಾನು ಬಾಗಿಲಿಗೆ ಓಡಿದೆ. ಅವರು ರೇನ್‌ಕೋಟು, ಕೆಂಪು ಚಡ್ಡಿ ಕಳಚಿ ಹೊರಗಿನ ಮೊಳೆಗೆ ಹಾಕಿದರು. ಕಾಲು ತೊಳೆದರು. ಮಡಿಕೆ ಇಳಿಸಿದರು. ಹೊಸ ಪ್ಯಾಂಟು ಅದು, ಬಿಳಿ ಅಂಗಿ ಬೇರೆ. ನಮ್ಮ ಮನೆಗೆ ಬರುತ್ತೇನೆಂದು ಹಾಕಿಕೊಂಡು ಬಂದಿದ್ದರು.

ಪಡಸಾಲೆಯಲ್ಲಿ ಅಪ್ಪ, ಬಂದ ಹಿರಿಯರು ಮೂವರು, ಸುತ್ತ ಕುರ್ಚಿಗಳು. ಒಂದು ಖಾಲಿ ಇತ್ತು. ಕಾಕಾ ಗೋಡೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ತುಕ್ಕು ಹಿಡಿದ ಜಾಯಿಂಟು ಬಿಚ್ಚಿ, ಕೆರೆದು, ಕಟ್ಟಿದರು. ಫೋನು ಜೀವ ಬಂದು ಗುಂಯ್ ಎಂದಿತು. ಅಪ್ಪನ ಮುಖದಲ್ಲಿ ಸಮಾಧಾನ ಬಂತು. ಅವ್ವ ಒಳಗಿನಿಂದ ಚಹಾ ಕಳಿಸಿದಳು. ಕಾಕಾ ಎದ್ದು ನಿಂತು ಕೈ ಒರಸಿಕೊಂಡರು. ಖಾಲಿ ಕುರ್ಚಿ ಅವರಿಗೂ ನನಗೂ ನಡುವೆ ಇತ್ತು. ಹಿರಿಯರಲ್ಲೊಬ್ಬರು, "ಇವರು ಯಾರ ಪೈಕಿರಿ?" ಎಂದು ಅಪ್ಪನನ್ನು ಕೇಳಿದರು. ಅಪ್ಪ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಅಕ್ಕನ ಮದುವೆ ಇತ್ತು, ಮನೆತನ ಇತ್ತು, ಎಲ್ಲ ಇತ್ತು. ಆದರೆ ಅಪ್ಪ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವನು ನಾನು.

"ಕಾಕಾ, ಹೊರಗ ಕುಂದರ್ರಿ. ತೊಯ್ದೀರಿ," ಎಂದೆ.

ಅವರು ತಮ್ಮ ಪ್ಯಾಂಟಿನ ಮೇಲೆ ಕೈ ಆಡಿಸಿಕೊಂಡರು, ನಿಜವಾಗಿ ತೊಯ್ದಿದೆಯೋ ಎಂದು ನೋಡುವವರ ಹಾಗೆ. ಆಮೇಲೆ ಮೆಲ್ಲಗೆ, "ಹೌದ್ರಿ, ತೊಯ್ದೀನಿ," ಎಂದು ಕಪ್ಪು ತೆಗೆದುಕೊಂಡು ಹೊರಗೆ ಹೋದರು.

ಸ್ವಲ್ಪ ಹೊತ್ತಿಗೆ ಫೋನು ಬಂತು, ಅಕ್ಕನ ಮದುವೆ ಗಟ್ಟಿಯಾಯಿತು. ಎಲ್ಲರೂ ನಗುತ್ತಿದ್ದರು. ನಾನು ಕಟ್ಟೆಗೆ ಹೋಗಿ ನೋಡಿದರೆ ತೊಳೆದ ಕಪ್ಪು ಬೋರಲಾಗಿತ್ತು, ಮೊಳೆ ಖಾಲಿ ಇತ್ತು. ಆ ಮಾತು ನನ್ನ ಬಾಯಿಂದ ಬಂತೇ ಎಂದು ನನಗೇ ನಂಬಿಕೆಯಾಗಲಿಲ್ಲ. ಜಮೀನುದಾರರಾದರೂ ಅವರ ಒಣ ಪ್ಯಾಂಟು ನೋಡಿ ಮಾತು ನುಂಗಿದ್ದರು. ನಾನು ನುಂಗಲಿಲ್ಲ.

ಮರುದಿನ ಮಧ್ಯಾಹ್ನ ಅವರು ಎಂದಿನಂತೆ ಬಂದರು. ಗೋಡೆಗೆ ಬೆನ್ನು ಕೊಟ್ಟು ಕೂತರು. "ಊಟ ಆತೇನ್ರಿ ಸಾಹೇಬ್ರ?" ಎಂದರು.

ಅಷ್ಟೇ. ಸಿಟ್ಟಿಲ್ಲ, ಕೊಂಕಿಲ್ಲ. ಡಬ್ಬಿ ಬಿಚ್ಚಿದರು, ನಾನು ಕೈ ಚಾಚಿದರೆ ಪಲ್ಯವನ್ನೂ ಕೊಟ್ಟರು. ಆದರೆ ತಮ್ಮಾ ಎಂಬ ಮಾತು ಆ ಕೋಣೆಯಲ್ಲಿ ಮತ್ತೆ ಕೇಳಲಿಲ್ಲ. ಎರಡು ಮೂರು ಸಲ ನಾನು, "ಕಾಕಾ, ಆವತ್ತು ನಮ್ಮನ್ಯಾಗ..." ಎಂದು ಶುರು ಮಾಡಿದೆ. "ಲೈನ್ ನೋಡಬೇಕ್ರಿ ಸಾಹೇಬ್ರ, ಮಳಿ ಬರಾಕತ್ತದ," ಎಂದು ಎದ್ದುಬಿಡುತ್ತಿದ್ದರು. ಎದುರಿಗೆ ಕೂತು ಉಣ್ಣುವ ಮನುಷ್ಯ ಇದ್ದೂ ಒಬ್ಬನೇ ಇರುವುದು ಹೇಗಿರುತ್ತದೆಂದು ನನಗೆ ಆ ವರ್ಷಗಳಲ್ಲಿ ತಿಳಿಯಿತು. ಮೊದಲಿನ ಒಂಟಿತನವೇ ವಾಸಿಯಿತ್ತು, ಅದರಲ್ಲಿ ನನ್ನ ತಪ್ಪೇನೂ ಇರಲಿಲ್ಲ.

ಆಮೇಲೆ ತಾನೇ ಕರೆ ಜೋಡಿಸುವ ಮಷೀನು ಬಂದು ಆಪರೇಟರನ ಕುರ್ಚಿ ಹೋಯಿತು, ನನ್ನನ್ನು ಬಸವಕಲ್ಯಾಣದ ಆಫೀಸಿಗೆ ಹಾಕಿದರು. ಮದುವೆಯಾದೆ, ಅಲ್ಲೇ ಮನೆ ಮಾಡಿದೆ. ಎರಡು ಸಾವಿರದ ನಂತರ ಎಲ್ಲರ ಕೈಗೂ ಮೊಬೈಲು ಬಂತು. ತಂತಿ ಜೋಡಿಸುತ್ತಿದ್ದ ಕಾಕಾ ತಂತಿ ಬಿಚ್ಚುವ ಕೆಲಸಕ್ಕೆ ಬಿದ್ದರು. ನಮ್ಮ ಮನೆಯ ಫೋನೂ ಬೇಡವೆಂದು ನನ್ನ ಹೆಂಡತಿ ಅರ್ಜಿ ಕೊಟ್ಟಳು. ಅದನ್ನು ಬಿಚ್ಚಿಕೊಂಡು ಹೋಗಲು ಬಂದವರು ಅವರೇ. ರಿಟೈರಾಗಲು ಕೆಲವೇ ತಿಂಗಳು ಉಳಿದಿದ್ದವು.

ಜೋರು ಮಳೆ. ಬಾಗಿಲಲ್ಲಿ ನಿಂತಿದ್ದರು, ತಲೆಯಿಂದ ಕಾಲಿನ ತನಕ ನೀರು. ಮೈಮೇಲೆ ರೇನ್‌ಕೋಟೂ ಇರಲಿಲ್ಲ, ಆ ಕೆಂಪು ಚಡ್ಡಿಯೂ ಇರಲಿಲ್ಲ.

"ಚಡ್ಡಿ ಎಲ್ಲಿ ಕಾಕಾ?" ಎಂದೆ.

"ಹರದ ಹೋತ್ರಿ. ಮತ್ತ ಹೊಲಸಲಿಲ್ಲ. ತಿಳ್ಕೊಳ್ಳೋದೆಲ್ಲ ತಿಳ್ಕೊಂಡಾತಲ್ರಿ ಸಾಹೇಬ್ರ."

ನಾನು ಒಳಗೆ ಓಡಿ ನನ್ನ ಕುರ್ಚಿ ತಂದು ಪಡಸಾಲೆಯ ನಡುವೆ ಇಟ್ಟೆ. "ಕುಂದರ್ರಿ ಕಾಕಾ," ಎಂದೆ.

"ತೊಯ್ದೀನ್ರಿ. ಕುರ್ಚಿ ಕೆಡ್ತದ."

"ಕೆಟ್ರ ಕೆಡ್ಲಿ. ಕುಂದರ್ರಿ."

"ಬ್ಯಾಡ್ರಿ," ಎಂದರು. ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿ ಅದು, ನನಗೆ ನೋವಾಗಲಿ ಎಂದು ಹೇಳಿದ್ದಲ್ಲ. ಫೋನು ಬಿಚ್ಚಿ, ವೈರು ಸುತ್ತಿ, ಹೊರಗಿನ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದರು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಸೂರಿನ ನೀರು ಇಬ್ಬರ ಹೆಗಲ ಮೇಲೂ ಬೀಳುತ್ತಿತ್ತು. ಅವರು ಸರಿದು ಜಾಗ ಮಾಡಿಕೊಟ್ಟು, "ಒಳಗ ಹೋಗ್ರಿ ಸಾಹೇಬ್ರ, ತೊಯ್ತೀರಿ," ಎಂದರು. ನಾನು ಏಳಲಿಲ್ಲ. ತಪ್ಪಾಯಿತು ಎನ್ನುವ ಬದಲು ಇನ್ನೊಂದು ಕಪ್ಪು ಚಹಾ ತರಲೇ ಎಂದು ಕೇಳಿದೆ. ಅವರು ಕಪ್ಪು ತೊಳೆದಿಟ್ಟು ಸೈಕಲ್ ಹತ್ತಿದರು.

ರಿಟೈರಾಗಿ ಎರಡನೇ ವರ್ಷಕ್ಕೆ ಅವರು ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದ್ದು ಎಂಟು ದಿನ ತಡವಾಗಿ. ಅಷ್ಟು ವರ್ಷ ಜೊತೆಗೆ ಉಂಡರೂ ಅವರ ಮನೆ ನಾನು ನೋಡಿರಲಿಲ್ಲ. ಕೇಳಿಕೊಂಡು ಹೋದೆ. ಬಿಸಿಲಿತ್ತು. ಓಣಿಯ ಕೊನೆಯ ಮನೆ, ಬಾಗಿಲು ತೆರೆದೇ ಇತ್ತು. ಅವರ ಹೆಂಡತಿ ಹೊರಗೆ ಬಂದರು. ನನ್ನನ್ನು ಅವರು ಹಿಂದೆಂದೂ ಕಂಡವರಲ್ಲ. ಹೊಸ್ತಿಲಲ್ಲಿ ನಿಂತಿದ್ದ ನನ್ನನ್ನು ನೋಡಿದ್ದೇ, "ಬರ್ರಿ, ಒಳಗ ಬರ್ರಿ," ಎಂದು ಇದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರಸಿ ನನ್ನ ಮುಂದಿಟ್ಟರು. ನಾನು ಕೂತೆ. ನೀವು ಯಾರು ಎಂದು ಅವರು ಕೇಳಿದ್ದು ಆಮೇಲೆ.